ಹಳಿಯ ತುದಿಯಿಂದ ಬಂದ ಕಾಗದ

ಅಜ್ಜಿಯ ಮನೆಯ ನಡುಮನೆಯಲ್ಲಿ ಗೋಡೆಗೆ ಒಂದು ತಂತಿ ತೂಗುತ್ತಿತ್ತು. ಬುಡದಲ್ಲಿ ಮರದ ಬಿಲ್ಲೆ, ಮೇಲೆ ಕೊಕ್ಕೆಯ ಹಾಗೆ ಬಾಗಿದ ತುದಿ. ಬಂದ ಕಾಗದವನ್ನು ಓದಿ ಮುಗಿಸಿದ ಮೇಲೆ ಅದಕ್ಕೆ ಚುಚ್ಚಿಬಿಡುವುದು ಆ ಮನೆಯ ಪದ್ಧತಿ. ರಜೆಗೆ ಹೋದಾಗಲೆಲ್ಲ ನಾನು ಅದನ್ನು ಕೆಳಗಿಳಿಸಿಕೊಂಡು, ಧೂಳು ಕೊಡವಿ, ನಡುವೆ ತೂತು ಬಿದ್ದ ಕಾರ್ಡುಗಳನ್ನು ಓದುತ್ತಾ ಕೂರುತ್ತಿದ್ದೆ. ಎಲ್ಲ ಕಾಗದಗಳ ಶುರುವೂ ಒಂದೇ: ಉಭಯ ಕುಶಲೋಪರಿ. ಆಮೇಲೆ ಮಳೆ, ಬೆಳೆ, ಹಣ ಕಳಿಸಿದ್ದು, ಕಳಿಸಿದ್ದು ತಲುಪಿದ್ದು, ಮಗುವಿನ ಕೆಮ್ಮು. ‘ಇದರಲ್ಲಿ ಏನೂ ಇಲ್ಲವಲ್ಲಜ್ಜಿ’ ಅಂದಿದ್ದೆ ಒಮ್ಮೆ. ಅಜ್ಜಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, ‘ಏನೂ ಇಲ್ಲ ಅಂತ ಗೊತ್ತಾಗಲಿ ಅಂತಲೇ ಕಣೋ ಕಾಗದ ಬರೆಯೋದು’ ಅಂದಳು. ಏನಾದರೂ ಇದ್ದ ಕಾಗದ, ಅಂದರೆ ಸಾವಿನ ಸುದ್ದಿ ಹೊತ್ತದ್ದು, ಆ ತಂತಿಗೆ ಏರುತ್ತಲೇ ಇರಲಿಲ್ಲ. ಓದಿದ ಕೂಡಲೇ ಹರಿದು ಹಾಕಿ, ತಲೆಗೆ ನೀರು ಹೊಯ್ದುಕೊಳ್ಳಬೇಕು.

ಅಮೆರಿಕದ ರೈಲಿನ ಇತಿಹಾಸ ಓದುವಾಗ ಈ ತಂತಿ ಮತ್ತೆ ನೆನಪಿಗೆ ಬಂದದ್ದು ಜಾಕ್ ಕೇಸ್ಮೆಂಟ್ ಎಂಬವನ ದೆಸೆಯಿಂದ. 1862ರಲ್ಲಿ ಲಿಂಕನ್ ಸಹಿ ಹಾಕಿದ ಕಾಯ್ದೆಯಂತೆ ಎರಡು ಕಂಪನಿಗಳು ಖಂಡದ ಎರಡು ಕಡೆಯಿಂದ ಹಳಿ ಹಾಕಿಕೊಂಡು ಬರಬೇಕಿತ್ತು. ಪೂರ್ವದಲ್ಲಿ ಒಮಾಹಾದಿಂದ ಹೊರಟದ್ದು ಯೂನಿಯನ್ ಪೆಸಿಫಿಕ್, ಪಶ್ಚಿಮದಲ್ಲಿ ಸ್ಯಾಕ್ರಮೆಂಟೊದಿಂದ ಹೊರಟದ್ದು ಸೆಂಟ್ರಲ್ ಪೆಸಿಫಿಕ್. ಪೂರ್ವದ ಕಡೆಯ ಹಳಿ ಹಾಕುವ ಗುತ್ತಿಗೆ 1866ರಲ್ಲಿ ಜಾಕ್ ಮತ್ತು ಅವನ ತಮ್ಮ ಡ್ಯಾನ್ ಕೈಗೆ ಬಂತು. ಜಾಕ್ ಅಂತರ್ಯುದ್ಧದಲ್ಲಿ ಓಹಿಯೋದ ದಳವೊಂದನ್ನು ನಡೆಸಿ, ಜನರಲ್ ಎಂಬ ಬಿರುದು ಹೊತ್ತು ಬಂದವನು. ಎತ್ತರ ಐದಡಿ ನಾಲ್ಕಂಗುಲ. ತಮ್ಮ ಅವನಿಗಿಂತಲೂ ಗಿಡ್ಡ. ಆ ಕಾಲದ ಫೋಟೋ ಒಂದರಲ್ಲಿ ಜಾಕ್ ತುಪ್ಪಳದ ಟೋಪಿ ಹಾಕಿ, ಕೈಯಲ್ಲಿ ಚಾಟಿ ಹಿಡಿದು ನಿಂತಿದ್ದಾನೆ. ನೋಡಿದರೆ ಹೆಂಡತಿಗೆ ಕಾಗದ ಬರೆಯುವ ಆಸಾಮಿ ಅನ್ನಿಸುವುದಿಲ್ಲ. ಆದರೆ ಬರೆಯುತ್ತಿದ್ದ. ಯುದ್ಧಕಾಲದಲ್ಲೂ ಬರೆದಿದ್ದ, ಹಳಿ ಹಾಕುವ ಮೂರು ವರ್ಷವೂ ಬರೆದ. ಕಾಗದಗಳು ಹೋಗುತ್ತಿದ್ದದ್ದು ಓಹಿಯೋದ ಪೇನ್ಸ್‌ವಿಲ್ ಎಂಬ ಊರಿನಲ್ಲಿದ್ದ ಫ್ರಾನ್ಸಿಸ್‌ಗೆ. 1857ರಲ್ಲಿ ಮದುವೆಯಾದಾಗ ಆಕೆಗೆ ಹದಿನೇಳು ವರ್ಷ, ಅವನಿಗೆ ಇಪ್ಪತ್ತೆಂಟು. ಅವನು ಓಹಿಯೋಗೆ ಬಂದದ್ದೇ ರೈಲಿನ ಕೆಲಸ ಹುಡುಕಿಕೊಂಡು. ಅಂದರೆ ಅವಳ ಹತ್ತಿರಕ್ಕೆ ಅವನನ್ನು ತಂದದ್ದೂ ರೈಲು, ಅವಳಿಂದ ದೂರ ಒಯ್ದದ್ದೂ ರೈಲು.

ಈ ಎರಡನೆಯ ಮಾತೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ರೈಲು ದೂರವನ್ನು ಹತ್ತಿರ ಮಾಡಿತು ಅನ್ನುವುದು ಶಾಲೆಯ ಪಾಠದಲ್ಲೂ ಬರುವ ಮಾತು. ಯಾರಿಗೆ ಹತ್ತಿರ ಮಾಡಿತು ಅಂತ ಯಾರೂ ಕೇಳುವುದಿಲ್ಲ.

ಹಳಿ ಹಾಕುವ ಕೆಲಸವನ್ನು ಹತ್ತಿರದಿಂದ ಕಂಡವರು ಬರೆದಿಟ್ಟಿದ್ದಾರೆ. ಒಂದೇ ಕುದುರೆ ಎಳೆಯುವ ಪುಟ್ಟ ಟ್ರಾಲಿ ಕಂಬಿಗಳನ್ನು ಹೇರಿಕೊಂಡು, ಆಗಷ್ಟೇ ಹಾಕಿದ ಹಳಿಯ ಮೇಲೇ ನಾಗಾಲೋಟದಲ್ಲಿ ತುದಿಗೆ ಬರುತ್ತದೆ. ಇಬ್ಬರು ಕಂಬಿಯ ತಲೆಗೆ ಕೈ ಹಾಕಿ ಮುಂದಕ್ಕೆ ಎಳೆಯುತ್ತಾರೆ; ಉಳಿದವರು ಸಾಲಾಗಿ ಹಿಡಿದುಕೊಳ್ಳುತ್ತಾರೆ. ಓಡುನಡಿಗೆಯಲ್ಲಿ ಮುಂದೆ ಹೋಗಿ, ಮೇಸ್ತ್ರಿ ಕೂಗಿದೊಡನೆ ಧೊಪ್ಪೆಂದು ಸ್ಲೀಪರ್‌ಗಳ ಮೇಲೆ ಇಳಿಸುತ್ತಾರೆ. ಆಚೆ ಬದಿಯಲ್ಲೂ ಅದೇ ಹೊತ್ತಿಗೆ ಇನ್ನೊಂದು ಕಂಬಿ ಬೀಳುತ್ತದೆ. ಒಂದು ಕಂಬಿಗೆ ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲವಂತೆ. ಖಾಲಿಯಾದ ಟ್ರಾಲಿಯನ್ನು ಹಳಿಯಿಂದ ಪಕ್ಕಕ್ಕೆ ಉರುಳಿಸುತ್ತಾರೆ, ತುಂಬಿದ್ದು ದಾಟಿ ಹೋಗಲಿ ಅಂತ; ದಾಟಿದ ಮೇಲೆ ಎತ್ತಿಟ್ಟು ಕುದುರೆ ಕಟ್ಟಿ ಹಿಂದಕ್ಕೆ ಓಡಿಸುತ್ತಾರೆ. ಹಿಂದೆಯೇ ಸುತ್ತಿಗೆಯವರು. ಮೈಲಿಗೆ ಸುಮಾರು 400 ಕಂಬಿ, ಕಂಬಿಗೆ ಹತ್ತು ಮೊಳೆ, ಮೊಳೆಗೆ ಮೂರು ಪೆಟ್ಟು. ಅಂದರೆ ಒಂದು ಮೈಲಿಗೆ 12,000 ಪೆಟ್ಟು. ಇವರೆಲ್ಲ ಉಂಡು ಮಲಗುತ್ತಿದ್ದದ್ದು ಕೇಸ್ಮೆಂಟ್ ಕಟ್ಟಿಸಿದ ಉದ್ದುದ್ದ ಬೋಗಿಗಳಲ್ಲಿ. ತಗಡಿನ ತಟ್ಟೆಗಳನ್ನು ಮೇಜಿಗೇ ಮೊಳೆ ಹೊಡೆದು ಕೂರಿಸಿದ್ದರು. ಒಂದು ಪಂಕ್ತಿ ಎದ್ದ ಮೇಲೆ ಒರೆಸಿ ಮುಂದಿನ ಪಂಕ್ತಿಗೆ ಬಡಿಸುವುದು. ಮಾಂಸಕ್ಕಾಗಿ ದನಗಳ ಹಿಂಡು ಪಕ್ಕದಲ್ಲೇ ನಡೆದು ಬರುತ್ತಿತ್ತು.

ಈ ಚಿತ್ರವನ್ನು ಹೆಂಡತಿಯ ಕಡೆಯಿಂದ ನೋಡಿ. ಒಂದೊಂದು ಪೆಟ್ಟೂ ಗಂಡನನ್ನು ಮನೆಯಿಂದ ಇಷ್ಟಿಷ್ಟೇ ಆಚೆಗೆ ತಳ್ಳುತ್ತಿದೆ. ಕೆಲಸ ಚೆನ್ನಾಗಿ ನಡೆದ ದಿನ ಅವನು ಎರಡು ಮೈಲಿ, ಮೂರು ಮೈಲಿ ದೂರವಾಗುತ್ತಾನೆ. ಮಳೆ ಬಂದು ಕೆಲಸ ನಿಂತರೆ ಅಷ್ಟು ಮಟ್ಟಿಗೆ ಅವಳ ಹತ್ತಿರ ಉಳಿಯುತ್ತಾನೆ, ಆದರೆ ಊರಿಗೆ ಬರುವ ದಿನ ಮುಂದಕ್ಕೆ ಹೋಗುತ್ತದೆ. ಬೇಗ ಮುಗಿಯಲಿ ಅಂತ ಹಾರೈಸಿದರೆ ಬೇಗ ದೂರವಾಗಲಿ ಅಂದ ಹಾಗೆ. ಈ ಹಾರೈಕೆಯ ಇಕ್ಕಟ್ಟನ್ನು ಹೊರದೇಶಕ್ಕೆ ಗಂಡನನ್ನು ಕಳಿಸಿದ ಯಾವ ಹೆಣ್ಣಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಹಳಿಯ ಮೇಲೆ ಕಾಗದ ಹಿಂದಕ್ಕೆ ಬರುತ್ತಿತ್ತು. ಕಂಬಿ, ಮೊಳೆ, ಸ್ಲೀಪರ್ ಹೊತ್ತು ತಂದ ಗಾಡಿ ಇಳಿಸಿ ಖಾಲಿ ಹೋಗಬೇಕಲ್ಲ, ಅದರಲ್ಲಿ ಅಂಚೆ. ಒಮಾಹಾದ ಹತ್ತಿರ ಮಿಸ್ಸೌರಿ ನದಿಗೆ ಇನ್ನೂ ಸೇತುವೆ ಇರಲಿಲ್ಲ, ಅದು ಆದದ್ದು 1872ರಲ್ಲಿ. ಹಾಗಾಗಿ ಅಲ್ಲಿ ದೋಣಿ ಹತ್ತಬೇಕು. ಷಿಕಾಗೋದ ಕಡೆಯಿಂದ ಬರುವ ರೈಲು ನದಿಯ ಆಚೆ ದಡಕ್ಕೆ ಮುಟ್ಟಿದ್ದೂ 1867ರಲ್ಲೇ. ಅದಾದ ಮೇಲೆ ಅಯೋವಾ, ಷಿಕಾಗೋ, ಕ್ಲೀವ್‌ಲೆಂಡ್ ದಾಟಿ ಈರಿ ಸರೋವರದ ದಂಡೆ ಹಿಡಿದು ಪೇನ್ಸ್‌ವಿಲ್. ಖರ್ಚು ಮೂರು ಸೆಂಟು. 1863ರವರೆಗೆ ಅಮೆರಿಕದ ಅಂಚೆ ತುಂಬ ದೂರದ ಕಾಗದಕ್ಕೆ ಹೆಚ್ಚು ದರ ಕೇಳುತ್ತಿತ್ತು. ಆ ವರ್ಷ ಅದನ್ನು ಕೈಬಿಟ್ಟು, ಅರ್ಧ ಔನ್ಸಿಗೆ ಎಲ್ಲಿಂದೆಲ್ಲಿಗಾದರೂ ಮೂರೇ ಸೆಂಟು ಅಂತ ಮಾಡಿದರು. ಮರುವರ್ಷ ಓಡುವ ರೈಲಿನಲ್ಲೇ ಕಾಗದ ವಿಂಗಡಿಸುವ ಡಬ್ಬಿಗಳು ಷಿಕಾಗೋದ ಪಶ್ಚಿಮಕ್ಕೆ ಹೊರಟವು. ದೂರಕ್ಕೆ ಬೆಲೆಯಿಲ್ಲ ಅಂತ ಅಂಚೆ ಇಲಾಖೆ ತೀರ್ಮಾನಿಸಿದ್ದು, ಮನುಷ್ಯರು ಹಿಂದೆಂದೂ ಹೋಗದಷ್ಟು ದೂರ ಹೋಗತೊಡಗಿದ ಹೊತ್ತಿನಲ್ಲೇ.

ವಿಳಾಸದ್ದೊಂದು ತಮಾಷೆಯಿದೆ. ಆ ಮಾರ್ಗದ ಜನ ತಾವಿದ್ದ ಜಾಗಕ್ಕೆ ‘ಹಳಿಯ ತುದಿ’ ಅನ್ನುತ್ತಿದ್ದರು. ಅದೇ ಊರಿನ ಹೆಸರಿನ ಹಾಗೆ ನಡೆಯುತ್ತಿತ್ತು. ಆದರೆ ಈ ಊರು ಇವತ್ತು ಇದ್ದಲ್ಲಿ ನಾಳೆ ಇಲ್ಲ. ಫ್ರಾನ್ಸಿಸ್ ಕಾಗದ ಒಡೆಯುವ ಹೊತ್ತಿಗೆ ಅದನ್ನು ಬರೆದ ಜಾಗ ಹತ್ತಾರು ಮೈಲಿ ಹಿಂದೆ ಬಿದ್ದಿರುತ್ತದೆ. ಅವಳ ಉತ್ತರ ಹೋಗಿ ಮುಟ್ಟುವಾಗ ಇನ್ನಷ್ಟು ಹಿಂದೆ. ಅವಳ ಮನಸ್ಸಿನಲ್ಲಿರುವ ಗಂಡ ಯಾವಾಗಲೂ ಅವನು ಬಿಟ್ಟುಹೋದ ಜಾಗದಲ್ಲಿ ನಿಂತಿರುತ್ತಾನೆ. ‘ಮಗುವಿಗೆ ಜ್ವರ’ ಅಂತ ಅವಳು ಬರೆದರೆ, ಅವನು ಓದುವಾಗ ಜ್ವರ ಬಿಟ್ಟಿರಬಹುದು, ಅಥವಾ ಬಿಡದೆಯೂ ಇರಬಹುದು. ಅವರಿಗೆ ಹುಟ್ಟಿದ ಮೂವರು ಗಂಡುಮಕ್ಕಳಲ್ಲಿ ಇಬ್ಬರು ಚಿಕ್ಕಂದಿನಲ್ಲೇ ತೀರಿಕೊಂಡರು. ಉಳಿದವನು ಡ್ಯಾನ್, ಚಿಕ್ಕಪ್ಪನ ಹೆಸರಿನವನು, ಹುಟ್ಟಿದ್ದು 1868ರ ಜುಲೈನಲ್ಲಿ. ಆ ಬೇಸಿಗೆಯಲ್ಲಿ ಹಳಿ ವಯೋಮಿಂಗ್‌ನ ಕ್ಷಾರಭೂಮಿಯಲ್ಲಿ ಸಾಗುತ್ತಿತ್ತು. ಕಾಗದದಲ್ಲಿ ಎಲ್ಲವನ್ನೂ ವರ್ತಮಾನದಲ್ಲಿ ಬರೆಯುತ್ತೇವೆ, ಓದುವವರು ಅದನ್ನು ಭೂತಕಾಲವೆಂದು ತಿಳಿದೇ ಓದುತ್ತಾರೆ. ನಮ್ಮ ಹಿರಿಯರು ‘ಸಾಂಪ್ರತ’, ಅಂದರೆ ಸದ್ಯಕ್ಕೆ, ಎಂಬ ಮಾತನ್ನು ಕ್ಷೇಮದ ಸಾಲಿಗೆ ಸೇರಿಸುತ್ತಿದ್ದದ್ದು ಯಾಕೆ ಅಂತ ನನಗೆ ಹೊಳೆದದ್ದು ಇಲ್ಲಿ. ಬರೆಯುವ ಹೊತ್ತಿಗೆ ಕ್ಷೇಮ. ಅದರ ಮುಂದಿನದಕ್ಕೆ ಬರೆದವನು ಹೊಣೆಯಲ್ಲ.

ಹಾಗಾದರೆ ಅವನು ಬರೆಯುತ್ತಿದ್ದದ್ದೇನು? ಹವೆ, ಸಾಮಾನು ಬರಲಿಲ್ಲ, ಕೆಲಸ ಎಷ್ಟಾಯಿತು, ಮನೆ ನೆನಪಾಗುತ್ತದೆ. 1869ರ ಫೆಬ್ರವರಿಯಲ್ಲಿ ವಯೋಮಿಂಗ್‌ನಲ್ಲಿ ಹಿಮ ಬಿದ್ದು ಅವನೇ ಹಾಕಿದ ಮಾರ್ಗ ವಾರಗಟ್ಟಲೆ ಮುಚ್ಚಿಹೋಯಿತು. ಮುಂದೆ ಗಂಡ, ಹಿಂದೆ ಹೆಂಡತಿ, ನಡುವೆ ಹಿಮದಡಿ ಹೂತ ಹಳಿ, ಎಲ್ಲೋ ಸಿಕ್ಕಿಬಿದ್ದ ಅಂಚೆ ಚೀಲ. ಮನೆಯ ಹಂಬಲ ಅಂಥ ದಿನಗಳಲ್ಲಿ ಹೆಚ್ಚು ಜೋರಾಗಿ ಬರುತ್ತಿತ್ತು. ಇನ್ನು ಬರೆಯದೆ ಬಿಟ್ಟದ್ದು ಎಷ್ಟಿತ್ತೋ. ಹಳಿಯ ತುದಿಯ ಹಿಂದೆಯೇ ಡೇರೆಗಳ ಊರುಗಳು ಏಳುತ್ತಿದ್ದವು, ಹೆಂಡ, ಜೂಜು, ಕೊಲೆ ಎಲ್ಲವೂ ಇದ್ದ ಊರುಗಳು. ಜೂಲ್ಸ್‌ಬರ್ಗ್ ಎಂಬಲ್ಲಿ ಜೂಜುಕೋರರ ಆಟ ಮಿತಿಮೀರಿದಾಗ ಕೇಸ್ಮೆಂಟ್ ತನ್ನ ಆಳುಗಳನ್ನು ಕಟ್ಟಿಕೊಂಡು ಹೋಗಿ ಗುಂಡು ಹಾರಿಸಿ ಊರನ್ನು ತಣ್ಣಗೆ ಮಾಡಿದ ಎಂಬ ಕತೆಯಿದೆ. ಎಷ್ಟು ನಿಜವೋ, ಹೇಳಿಕೊಂಡು ಬಂದವರು ಮಾತ್ರ ಬಹಳ. ಷಯೆನ್ ಮತ್ತು ಲಕೋಟ ಜನರ ಬೇಟೆಯ ನೆಲವನ್ನು ಈ ಹಳಿ ಸೀಳಿಕೊಂಡು ಹೋಗುತ್ತಿತ್ತು. 1867ರ ಆಗಸ್ಟಿನಲ್ಲಿ ಪ್ಲಮ್ ಕ್ರೀಕ್ ಬಳಿ ಷಯೆನ್ ಯೋಧರು ಹಳಿ ಕಿತ್ತು ಗೂಡ್ಸ್ ಗಾಡಿ ಉರುಳಿಸಿದರು. ಕೆಲಸದ ಬೋಗಿಗಳಲ್ಲಿ ಕೋವಿಗಳು ಸದಾ ಸಿದ್ಧವಾಗಿರುತ್ತಿದ್ದವು. ಇಂಥ ಜಾಗದಿಂದ ‘ಇತ್ತ ಕ್ಷೇಮ’ ಅಂತ ಬರೆಯುವುದು ಸುಳ್ಳೇ? ಮೊದಲು ಸುಳ್ಳು ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಮನೆಯವಳ ಒಂದು ರಾತ್ರಿಯ ನಿದ್ದೆಯನ್ನು ಮೂರು ಸೆಂಟಿಗೆ ಕೊಳ್ಳುವ ವ್ಯವಹಾರ ಅದು. ಅವಳಿಗೂ ಅದು ತಿಳಿದೇ ಇರುತ್ತದೆ. ಮುಚ್ಚಿಟ್ಟದ್ದು ಗೊತ್ತಿದ್ದೂ ಗೊತ್ತಿಲ್ಲದಂತೆ ಉತ್ತರ ಬರೆಯುವುದು ಅವಳ ಪಾಲಿನ ದಾಕ್ಷಿಣ್ಯ.

ಕಾಗದವೇ ಬೇಡವೆಂದು ಹೊರಟವಳೂ ಒಬ್ಬಳಿದ್ದಳು. ಸೆಂಟ್ರಲ್ ಪೆಸಿಫಿಕ್‌ನ ಕೆಲಸ ನೋಡಿಕೊಳ್ಳುತ್ತಿದ್ದ ಸ್ಟ್ರೋಬ್ರಿಜ್‌ನ ಹೆಂಡತಿ ಹ್ಯಾನಾ ಗಂಡನ ಜೊತೆಗೆ ಬೋಗಿಯಲ್ಲೇ ಸಂಸಾರ ಹೂಡಿದಳು. ಬೋಗಿಗೆ ಒಂದು ಜಗುಲಿ, ಜಗುಲಿಯಲ್ಲಿ ಕ್ಯಾನರಿ ಹಕ್ಕಿಯ ಪಂಜರ. ಎರಡು ಹಳಿ ಸೇರಿದ ದಿನವೂ ಅಲ್ಲಿದ್ದಳು. ಒಟ್ಟಿಗೇ ಇದ್ದವರಿಗೆ ಕಾಗದದ ಕೆಲಸವೇನು? ಹಾಗಾಗಿ ಆ ಬೋಗಿಯ ಒಳಗಿನ ದಿನಗಳ ಬಗ್ಗೆ ಹಕ್ಕಿಯ ಪಂಜರಕ್ಕಿಂತ ಹೆಚ್ಚಿನದೇನೂ ನನಗೆ ಸಿಗಲಿಲ್ಲ. ಸುಖವಾಗಿದ್ದವರ ದಾಖಲೆ ಕಡಿಮೆ.

ಆದರೆ ದಾಖಲೆ ಇಲ್ಲದಿರುವುದಕ್ಕೆ ಸುಖವೇ ಕಾರಣವಾಗಬೇಕಿಲ್ಲ. ಹ್ಯಾನಾಳ ಬೋಗಿಯ ಸುತ್ತ ಡೇರೆ ಹಾಕಿಕೊಂಡಿದ್ದವರು ಚೀನೀ ಕೂಲಿಗಳು. ಪಶ್ಚಿಮದ ಮಾರ್ಗವನ್ನು, ಸಿಯೆರಾ ನೆವಾಡಾದ ಗ್ರಾನೈಟ್ ಕೊರೆದು, ಕಟ್ಟಿದವರು ಹೆಚ್ಚುಕಡಿಮೆ ಅವರೇ. ಒಟ್ಟು ಹದಿನೈದರಿಂದ ಇಪ್ಪತ್ತು ಸಾವಿರ ಜನ ಇದ್ದಿರಬಹುದು ಅಂತ ವಿದ್ವಾಂಸರ ಅಂದಾಜು. ಬಹುಪಾಲು ಗ್ವಾಂಗ್‌ಡಾಂಗ್ ಪ್ರಾಂತದ ಕೆಲವೇ ತಾಲ್ಲೂಕುಗಳಿಂದ ಬಂದವರು. ಊರಿನಲ್ಲಿ ಮದುವೆ ಮಾಡಿ, ಹೆಂಡತಿಯನ್ನು ತಂದೆತಾಯಿಯ ಬಳಿ ಬಿಡಿಸಿ ‘ಚಿನ್ನದ ಬೆಟ್ಟ’ಕ್ಕೆ, ಅಂದರೆ ಅಮೆರಿಕಕ್ಕೆ, ಕಳಿಸುವುದು ಅಲ್ಲಿನ ವಾಡಿಕೆ. ಅವರೂ ಗಂಡಂದಿರೇ. ಆದರೆ ಅಷ್ಟು ಸಾವಿರ ಜನರಲ್ಲಿ ಒಬ್ಬನ ಒಂದು ಕಾಗದವೂ ಇವತ್ತು ಉಳಿದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2012ರಿಂದ ವರ್ಷಗಟ್ಟಲೆ ಅಮೆರಿಕ, ಚೀನಾ ಎರಡೂ ಕಡೆ ಹುಡುಕಿದರು. ಒಂದು ದಿನಚರಿಯಿಲ್ಲ, ಒಂದು ಚೀಟಿಯಿಲ್ಲ. ಕಂಪನಿಯ ಸಂಬಳದ ಪುಸ್ತಕದಲ್ಲೂ ಹೆಚ್ಚಾಗಿ ಇರುವುದು ಗುಂಪಿನ ಮೇಸ್ತ್ರಿಯ ಹೆಸರು. ಅವನ ಕೈಕೆಳಗಿನವರು ಬರೀ ಲೆಕ್ಕ. 1869ರ ಏಪ್ರಿಲ್ 28ರಂದು ಒಂದೇ ದಿನದಲ್ಲಿ ಹತ್ತು ಮೈಲಿ ಹಳಿ ಹಾಕಿ ದಾಖಲೆ ಮಾಡಿದಾಗ ಕಂಬಿ ಎತ್ತಿದ ಎಂಟು ಐರಿಷ್ ಜನರ ಹೆಸರು ಇತಿಹಾಸಕ್ಕೆ ಸೇರಿತು. ಅವತ್ತು ಜೊತೆಗೆ ದುಡಿದ ಸಾವಿರಾರು ಚೀನೀಯರಲ್ಲಿ ಒಬ್ಬನದೂ ಸೇರಲಿಲ್ಲ.

ಅವರು ಬರೆಯಲಿಲ್ಲ ಅಂತ ಅಲ್ಲ. 1867ರ ಹೊಸವರ್ಷದಿಂದ ಸ್ಯಾನ್ ಫ್ರಾನ್ಸಿಸ್ಕೊಗೂ ಹಾಂಗ್‌ಕಾಂಗಿಗೂ ನಡುವೆ ಹೊಗೆಹಡಗು ಕ್ರಮವಾಗಿ ಓಡಾಡತೊಡಗಿತ್ತು. ಹಣ, ಕಾಗದ ಎರಡನ್ನೂ ಊರಿಗೆ ಮುಟ್ಟಿಸುವ ವರ್ತಕರಿದ್ದರು. ಅಂಥ ಕಾಗದಕ್ಕೆ ಅವರ ಭಾಷೆಯಲ್ಲಿ ‘ಬೆಳ್ಳಿ ಕಾಗದ’ ಅನ್ನುತ್ತಾರೆ, ಹಣದ ಜೊತೆಗೇ ಮಾತು ಹೋಗುವುದರಿಂದ. ಮುಂದಿನ ತಲೆಮಾರುಗಳ ಇಂಥ ಕಾಗದಗಳು ರಾಶಿರಾಶಿಯಾಗಿ ಉಳಿದು, 2013ರಲ್ಲಿ ಯುನೆಸ್ಕೊದ ವಿಶ್ವಸ್ಮೃತಿ ಪಟ್ಟಿಗೂ ಸೇರಿವೆ. ಹಳಿ ಹಾಕಿದವರ ಕಾಲದ್ದು ಮಾತ್ರ ಹೋಯಿತು. ಅವರ ಊರುಗಳಲ್ಲಿ ಆಗ ಬಣಗಳ ಕಾಳಗ, ಆಮೇಲೆ ಯುದ್ಧ, ಇನ್ನೂ ಆಮೇಲೆ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಹೊರದೇಶದ ನಂಟಿನ ಗುರುತು ಮನೆಯಲ್ಲಿರುವುದೇ ಅಪಾಯ. ಅಮೆರಿಕದ ಕಡೆ ಚೀನೀ ಕೇರಿಗಳಿಗೆ ಬೆಂಕಿ ಇಟ್ಟವರು ಕಡಿಮೆಯೇನಲ್ಲ. ಊರಿಗೆ ತಿರುಗಿ ಹೋದ ಕೆಲವರ ಪಾಲಿಗೆ ಹೋದದ್ದು ಮೂಳೆ. ಹಳಿಯ ಉದ್ದಕ್ಕೂ ಹೂಳಿದ್ದವರನ್ನು ಅಗೆದು, ಮೂಳೆ ತೊಳೆದು, ಡಬ್ಬಿಯಲ್ಲಿ ತುಂಬಿ ಹಡಗಿಗೆ ಹಾಕುತ್ತಿದ್ದರು, ಮನೆಯವರು ನಡೆಸುವ ಪೂಜೆ ಸಲ್ಲಲಿ ಅಂತ. ಹರಿದು ಹಾಕಲು ಬಾರದ ಕಾಗದ ಅದು.

ಇದನ್ನು ಓದಿದ ಮೇಲೆ ಕೇಸ್ಮೆಂಟನ ಕಾಗದಗಳನ್ನು ನಾನು ನೋಡುವ ರೀತಿ ಬದಲಾಯಿತು. ಗಂಡನ ಕಾಗದಗಳು ಅಂತ ನಾವು ಅನ್ನುತ್ತೇವೆ, ಬರೆದವನ ಹೆಸರಿನಲ್ಲಿ. ಉಳಿಸಿದವಳದ್ದು ಅರ್ಧಕ್ಕಿಂತ ಹೆಚ್ಚಿನ ಕೆಲಸ. ಒಣಗಿದ ಜಾಗ, ಬೀಗವಿರುವ ಪೆಟ್ಟಿಗೆ, ಸುಡದ ಮನೆ, ತಲೆಮಾರು ಕಳೆದರೂ ಕಸವೆಂದು ಎಸೆಯದ ಮಕ್ಕಳು, ಇಷ್ಟೂ ಕೂಡಿ ಬರಬೇಕು. ಫ್ರಾನ್ಸಿಸ್‌ಗೆ ಕೂಡಿ ಬಂತು. ಅವಳ ಅಪ್ಪ ಅನುಕೂಲಸ್ಥ. ಗ್ವಾಂಗ್‌ಡಾಂಗಿನ ಹಳ್ಳಿಯವಳಿಗೆ ಬರಲಿಲ್ಲ. ಅವಳಿಗೆ ಓದಲೂ ಬರುತ್ತಿದ್ದಿಲ್ಲವೇನೋ. ಊರಿನ ಯಾರೋ ಓದಿ ಹೇಳಿರುತ್ತಾರೆ, ಅವಳು ಹಣವನ್ನು ಅತ್ತೆಯ ಕೈಗಿಟ್ಟು ಕಾಗದವನ್ನು ಮಡಿಚಿ ಎಲ್ಲೋ ಸೆಕ್ಕಿರುತ್ತಾಳೆ. ಕೇಸ್ಮೆಂಟನ ಕೈಕೆಳಗೆ ಮೊಳೆ ಹೊಡೆದ ಐರಿಷ್ ಆಳುಗಳ ಮನೆಗಳಲ್ಲೂ ಇದಕ್ಕಿಂತ ಭಿನ್ನವಾದದ್ದು ನಡೆದಿರಲಾರದು.

1869ರ ಮೇ 10ರಂದು ಯೂಟಾದ ಪ್ರಾಮಂಟರಿ ಗುಡ್ಡದಲ್ಲಿ ಎರಡು ಹಳಿಗಳು ಸೇರಿದವು. ಒಮಾಹಾದಿಂದ 1,086 ಮೈಲಿ, ಸ್ಯಾಕ್ರಮೆಂಟೊದಿಂದ 690. ದೇಶಕ್ಕೆಲ್ಲ ತಂತಿಯಲ್ಲಿ ಹೋದದ್ದು ಒಂದೇ ಮಾತು: ಮುಗಿಯಿತು. ಮೂರು ವರ್ಷದ ಕಾಗದಗಳೆಲ್ಲ ಯಾವ ಮಾತಿಗಾಗಿ ಕಾಯುತ್ತಿದ್ದವೋ ಅದನ್ನು ಟೆಲಿಗ್ರಾಫ್ ಗುಮಾಸ್ತ ಕೆಲವು ಕ್ಷಣದಲ್ಲಿ ಕುಟ್ಟಿ ಮುಗಿಸಿದ. ಜಾಕ್ ಊರಿಗೆ ಹೋದ. ಫ್ರಾನ್ಸಿಸಳ ಅಪ್ಪ ಮಗಳಿಗೆ ದೊಡ್ಡ ಮನೆ ಕಟ್ಟಿಸಿಕೊಟ್ಟ, ಗಂಡಹೆಂಡತಿ ಅಲ್ಲಿ ನೆಲೆಸಿದರು. ಮನೆಗಾಗಿ ಅಷ್ಟು ಹಂಬಲಿಸಿದವನು ಇನ್ನು ಹೊಸಿಲು ದಾಟಲಾರ ಅಂತ ನಾನು ಅಂದುಕೊಂಡಿದ್ದೆ. ಎಲ್ಲಿಯ ಮಾತು! ಮತ್ತೆ ಮತ್ತೆ ಗುತ್ತಿಗೆ ಹಿಡಿದ. 1897ರಲ್ಲಿ, ಅರವತ್ತೆಂಟರ ವಯಸ್ಸಿನಲ್ಲಿ, ಕೋಸ್ಟರೀಕಾಗೆ ಹೊರಟ, ಇನ್ನೊಂದು ರೈಲು ಮಾರ್ಗ ಹಾಕಲು, ಮಗ ಡ್ಯಾನ್‌ನನ್ನೂ ಜೊತೆಗೆ ಕಟ್ಟಿಕೊಂಡು. ಮನೆಯ ಹಂಬಲವೆಂಬುದು ಮನೆಯಿಂದ ದೂರವಿದ್ದಾಗ ಮಾತ್ರ ಸಿಗುವ ಸುಖವಿರಬಹುದೇ ಎಂಬ ಕೆಟ್ಟ ಅನುಮಾನ ನನಗಿದೆ. ಹೆಂಗಸರ ಎದುರಿಗೆ ಇದನ್ನು ಹೇಳುವ ಧೈರ್ಯವಿಲ್ಲ.

ಫ್ರಾನ್ಸಿಸ್ ಅಷ್ಟರಲ್ಲಿ ಸುಮ್ಮನೆ ಕಾಯುವವಳಾಗಿ ಉಳಿದಿರಲಿಲ್ಲ. 1883ರಲ್ಲಿ ತನ್ನ ಊರಿನಲ್ಲಿ ಸಮಾನ ಹಕ್ಕುಗಳ ಸಂಘ ಕಟ್ಟಿದಳು. 1885ರಿಂದ 1888ರವರೆಗೆ ಓಹಿಯೋ ರಾಜ್ಯದ ಮಹಿಳಾ ಮತದಾನ ಸಂಘದ ಅಧ್ಯಕ್ಷೆಯಾಗಿದ್ದಳು. ಗಂಡನಿಲ್ಲದ ವರ್ಷಗಳಲ್ಲಿ ಮನೆ, ಮಕ್ಕಳು, ಕಾಯಿಲೆ, ಸಾವು ಎಲ್ಲವನ್ನೂ ನಿಭಾಯಿಸಿದವಳಿಗೆ ಮತ ಹಾಕುವಷ್ಟು ತಿಳಿವಳಿಕೆ ಇಲ್ಲವೆಂದರೆ ನಗು ಬಂದಿರಬೇಕು. ಇದು ನನ್ನ ಊಹೆ. ಅವಳ ಗಂಡ ಹಳಿ ಹಾಕಿ ದಾಟಿಹೋದ ವಯೋಮಿಂಗ್ ಪ್ರಾಂತ, ಪ್ರಾಮಂಟರಿಯ ಏಳು ತಿಂಗಳಿಗೆ, 1869ರ ಡಿಸೆಂಬರಿನಲ್ಲೇ ಹೆಂಗಸರಿಗೆ ಮತದ ಹಕ್ಕು ಕೊಟ್ಟಿತ್ತು. ಇಡೀ ಅಮೆರಿಕಕ್ಕೆ ಆ ಹಕ್ಕು ಬಂದದ್ದು 1920ರಲ್ಲಿ. ಜಾಕ್ 1909ರಲ್ಲೇ ಹೋಗಿದ್ದ. ಅವಳು ಇದ್ದಳು, ಎಂಬತ್ತು ವರ್ಷದವಳು. ಇನ್ನೂ ಎಂಟು ವರ್ಷ ಬದುಕಿದಳು.

ಅಜ್ಜಿ ಹೋದ ಮೇಲೆ ಮನೆ ಕೀಳುವಾಗ ಆ ತಂತಿ ಯಾರ ಕೈಗೆ ಹೋಯಿತೋ ಗೊತ್ತಿಲ್ಲ. ಕೇಳಿದರೆ, ‘ಹಳೇ ಕಾಗದ ತಾನೇ, ನೀರೊಲೆಗೆ ಹಾಕಿದ್ವಿ’ ಅಂದರು.

ಜಾಕ್ ಮತ್ತು ಫ್ರಾನ್ಸಿಸ್ ಇಬ್ಬರ ಕಾಗದಪತ್ರಗಳೂ ಈಗ ವಯೋಮಿಂಗ್ ವಿಶ್ವವಿದ್ಯಾಲಯದ ದಾಖಲೆಭಂಡಾರದಲ್ಲಿ ಒಂದೇ ಸಂಗ್ರಹವಾಗಿ ಇವೆ. ಅದು ಇರುವುದು ಲಾರಮಿ ಎಂಬ ಊರಿನಲ್ಲಿ. 1868ರ ಮೇ ತಿಂಗಳಲ್ಲಿ ಕೇಸ್ಮೆಂಟನ ಗ್ಯಾಂಗು ಹಳಿ ಹಾಕಿಕೊಂಡು ಬಂದು, ಹಾಕಿ, ದಾಟಿಹೋದ ಊರು ಅದು. ಯೂನಿಯನ್ ಪೆಸಿಫಿಕ್‌ನ ಗೂಡ್ಸ್ ಗಾಡಿಗಳು ಇವತ್ತಿಗೂ ಊರಿನ ನಡುವೆ ಹಾದುಹೋಗುತ್ತವೆ.